ಕಚ್ಚದ ಚಡ್ಡಿ

ಆ ವರ್ಷ ಡ್ರೈವರಮ್ಮನಿಗೆ ಊರಿನ ಟ್ರಾಫಿಕ್ಕಿಗಿಂತ ತನ್ನ ಚಡ್ಡಿಯೇ ದೊಡ್ಡ ತಲೆನೋವಾಗಿತ್ತು.

ಅವಳು ನಗರದ ಬಸ್ಸು ಓಡಿಸುವವಳು. ಡಿಪೋದಲ್ಲಿ, ಬೀದಿಯಲ್ಲಿ, ಕೊನೆಗೆ ಅತ್ತೆಯ ಬಾಯಲ್ಲೂ ಅವಳು ಡ್ರೈವರಮ್ಮನೇ. ಕೆಲವು ವರ್ಷಗಳ ಹಿಂದೆ ಗರ್ಭಕೋಶದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡು, ಆಪರೇಷನ್ ಆಗಿ, ದೇವರು ದೊಡ್ಡವನು ಅನ್ನುವ ಹಾಗೆ ಗುಣವೂ ಆಗಿತ್ತು. ಆದರೆ ಗರ್ಭಕೋಶದ ಜೊತೆಗೆ ಕಿಬ್ಬೊಟ್ಟೆಯ ಒಂದಷ್ಟು ಗ್ರಂಥಿಗಳನ್ನೂ ತೆಗೆದಿದ್ದರು. ಶಾಲೆಯ ಪುಸ್ತಕದಲ್ಲಿ ದುಗ್ಧರಸ ಎಂದು ಓದಿ ಮರೆತಿದ್ದ ನೀರು ಮೇಲೆ ಹೋಗಲು ದಾರಿ ಕಾಣದೆ ಎಡಗಾಲಿನಲ್ಲೇ ಬೀಡುಬಿಟ್ಟಿತು. ಕಾಲು ದಪ್ಪಗಾಯಿತು, ತೊಡೆ ಭಾರವಾಯಿತು, ಕಿಬ್ಬೊಟ್ಟೆಯೂ ಸಂಜೆಯ ಹೊತ್ತಿಗೆ ಉಬ್ಬಿಕೊಳ್ಳುತ್ತಿತ್ತು. ಡಾಕ್ಟರು ಇದಕ್ಕೆ ಲಿಂಫೆಡೀಮಾ ಎನ್ನುತ್ತಾರೆ ಎಂದರು. ಅತ್ತೆ ಅದನ್ನು ಲಿಂಬೆಡೀಮಾ ಮಾಡಿಕೊಂಡು, ಹುಳಿ ತಿನ್ನುವುದು ಬಿಟ್ಟರೆ ಹೋಗುತ್ತದೆಂದು ಎಲ್ಲರಿಗೂ ಹೇಳಿಕೊಂಡು ಬಂದರು.

ಕಾಲಿಗೆ ಆಸ್ಪತ್ರೆಯವರು ಕೊಟ್ಟ ಬಿಗಿಯಾದ ಉದ್ದ ಕಾಲುಚೀಲವಿತ್ತು. ಕಾಲು ಆಡಿಸುತ್ತಿದ್ದರೆ ಒಳ್ಳೆಯದೇ ಎಂದದ್ದರಿಂದ ಕ್ಲಚ್ ತುಳಿಯುವ ಕೆಲಸಕ್ಕೂ ಅಡ್ಡಿಯಿರಲಿಲ್ಲ. ಅಡ್ಡಿ ಇದ್ದದ್ದೆಲ್ಲ ಕಾಲುಚೀಲ ಮುಗಿದಲ್ಲಿಂದ ಮೇಲಕ್ಕೆ. ಅಂಗಡಿಯ ಚಡ್ಡಿಯ ಎಲಾಸ್ಟಿಕ್ ಸರಿಯಾಗಿ ತೊಡೆಸಂದಿಯಲ್ಲೇ ಕೂತು ಕಚ್ಚುತ್ತಿತ್ತು. ಮಧ್ಯಾಹ್ನದೊಳಗೆ ಅಲ್ಲಿ ಕೆಂಪು ಗೆರೆ, ಸಂಜೆಯೊಳಗೆ ಗೆರೆಯ ಮೇಲೂ ಕೆಳಗೂ ಊತ. ದೊಡ್ಡ ಸೈಜು ತಂದರೆ ತೊಡೆಗೆ ಸರಿಹೋಗಿ ಸೊಂಟದಿಂದ ಜಾರುತ್ತಿತ್ತು. ಬಸ್ಸಿನಿಂದ ಇಳಿಯುವಾಗ ಅವಳು ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡೇ ಇಳಿಯಬೇಕಾಗಿತ್ತು. ನೋಡಿದವರು, ಡ್ರೈವರಮ್ಮನಿಗೆ ಎಷ್ಟು ಗತ್ತು ನೋಡಿ ಎನ್ನುತ್ತಿದ್ದರು.

ಗಂಡನ ಸಡಿಲ ಚಡ್ಡಿಗಳನ್ನು ಹಾಕಿ ನೋಡಿದಳು. ಗಂಡ ಮಾರುಕಟ್ಟೆಯ ಮೂಲೆಯಲ್ಲಿ ಕೀಲಿ ಮಾಡಿಕೊಡುವವನು, ಸಾಧು ಪ್ರಾಣಿ. ಬೀರುವಿನಲ್ಲಿ ತನ್ನದು ಒಂದೊಂದೇ ಮಾಯವಾಗುತ್ತಿದ್ದರೂ ಮೊದಮೊದಲು ಸುಮ್ಮನಿದ್ದ. ಕೊನೆಗೊಂದು ಬೆಳಿಗ್ಗೆ ಟವೆಲ್ ಸುತ್ತಿಕೊಂಡು ಬಂದು ನಿಂತ.

"ಬೇಜಾರಿಲ್ಲ ಕಣೇ, ನೀನೇ ಹಾಕ್ಕೋ. ಆದ್ರೆ ನನಗೆ ಅಂತ ಒಂದಾದ್ರೂ ಬಿಡು."

ಅವನ ಚಡ್ಡಿ ಕಚ್ಚುತ್ತಿರಲಿಲ್ಲ ನಿಜ. ಆದರೆ ಉಬ್ಬಿದ ಕಿಬ್ಬೊಟ್ಟೆಗೆ ಆಸರೆಯನ್ನೂ ಕೊಡುತ್ತಿರಲಿಲ್ಲ. ಜೊತೆಗೆ ಅದರ ಬಟ್ಟೆ ಮುದುರಿ ತೊಡೆಯ ಕೆಳಗೆ ಗಂಟಾಗುತ್ತಿತ್ತು. ಆ ಗಂಟಿನ ಮೇಲೆ ಕೂತು ಬಸ್ಸು ಓಡಿಸುವುದೆಂದರೆ ಕಲ್ಲಿನ ಮೇಲೆ ಕೂತ ಹಾಗೆ.

ದೊಡ್ಡ ಅಂಗಡಿಗೂ ಹೋದಳು. ಅಲ್ಲಿಯ ಹುಡುಗಿ ಎದೆಯ ಕೆಳಗಿನಿಂದ ಮೊಣಕಾಲಿನವರೆಗೆ ಬರುವ, ಟೈರಿನ ಟ್ಯೂಬಿನಂಥದ್ದೊಂದನ್ನು ತೆಗೆದಿಟ್ಟು, "ಇದು ಹಾಕ್ಕೊಂಡ್ರೆ ಹೊಟ್ಟೆ ಪೂರ್ತಿ ಒಳಗೆ ಹೋಗುತ್ತೆ ಮೇಡಂ" ಎಂದಳು.

"ಹೊಟ್ಟೆ ಒಳಗೆ ಹೋಗ್ಲಿ ತಾಯಿ, ಉಸಿರು ಹೊರಗೆ ಬರುತ್ತಾ?"

ಹುಡುಗಿ ಕಿಸಕ್ಕನೆ ನಕ್ಕಳು. ಡ್ರೈವರಮ್ಮನೂ ನಕ್ಕು ಬರಿಗೈಯಲ್ಲಿ ಮನೆಗೆ ಬಂದಳು. ಆದರೆ ಮರುವಾರ ಎಲಾಸ್ಟಿಕ್ ಉಜ್ಜಿದ ಜಾಗ ಕೆಂಪಾಗಿ ಬಿಸಿಯೇರಿ ಜ್ವರ ಬಂದಾಗ ನಗು ಬರಲಿಲ್ಲ. ಆಸ್ಪತ್ರೆಯಲ್ಲಿ ಔಷಧ ಕೊಟ್ಟು, ಊತದ ವಿಭಾಗದ ನರ್ಸ್ ಬಳಿಗೆ ಕಳಿಸಿದರು. ದಪ್ಪ ಕನ್ನಡಕದ, ಸಣ್ಣ ದನಿಯ ನರ್ಸ್ ಗಾಯ ನೋಡಿ ಕೇಳಿದಳು:

"ಎಂಥ ಚಡ್ಡಿ ಹಾಕ್ತೀರ?"

ಡ್ರೈವರಮ್ಮ ಅಲ್ಲಿಯವರೆಗೆ ಯಾರ ಹತ್ತಿರವೂ ಈ ಮಾತು ಎತ್ತಿರಲಿಲ್ಲ. ಕ್ಯಾನ್ಸರಿನಂಥ ಕ್ಯಾನ್ಸರನ್ನೇ ಗೆದ್ದು ಬಂದವಳು ಚಡ್ಡಿ ಕಚ್ಚುತ್ತದೆ ಎಂದು ಅಳುವುದೇ? ಈಗ ಕೇಳಿದ್ದೇ ತಡ, ಕಟ್ಟೆ ಒಡೆದ ಹಾಗೆ ಎಲ್ಲ ಹೇಳಿಬಿಟ್ಟಳು.

"ಚರ್ಮ ಒಡೆದ್ರೆ ಸೋಂಕು ಬೇಗ ತಗಲುತ್ತೆ. ಅದಕ್ಕೇ ಇದು ಸಣ್ಣ ವಿಷಯ ಅಲ್ಲ" ಎಂದಳು ನರ್ಸ್. "ನಿಮಗೆ ಬೇಕಾಗಿರೋದು ಅಪ್ಪಿಕೊಳ್ಳೋ ಚಡ್ಡಿ, ಕಚ್ಚೋ ಚಡ್ಡಿ ಅಲ್ಲ. ಕೆಳಗೆ ಸ್ವಲ್ಪ ಗಟ್ಟಿ, ಮೇಲೆ ಹೋಗ್ತಾ ಮೆತ್ತಗೆ. ಎಲ್ಲೂ ಒಂದೇ ಗೆರೆಯಲ್ಲಿ ಒತ್ತಬಾರದು. ಹುಡುಕಿ, ಸಿಗದಿದ್ರೆ ಬನ್ನಿ, ಸೇರಿ ಹುಡುಕೋಣ."

ಹುಡುಕುವ ತಾಳ್ಮೆ ಡ್ರೈವರಮ್ಮನಲ್ಲಿ ಉಳಿದಿರಲಿಲ್ಲ. ಮನೆಗೆ ಬಂದವಳೇ ಕತ್ತರಿ ತೆಗೆದುಕೊಂಡು ಇದ್ದಬದ್ದ ಚಡ್ಡಿಗಳ ಕಾಲಿನ ಎಲಾಸ್ಟಿಕ್ಕನ್ನೆಲ್ಲ ಕತ್ತರಿಸಿ ಹಾಕಿದಳು. ಒಗೆದು ತಾರಸಿಯ ಹಗ್ಗದ ಮೇಲೆ, ಹಾಸಿಗೆಯ ಹೊದಿಕೆಯ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಒಣಹಾಕಿದಳು.

ಗಾಳಿ ಬಂತು. ಒಂದು ಚಡ್ಡಿ ಹಾರಿ ಕೆಳಗಿನ ಅಂಗಳಕ್ಕೆ ಬಿತ್ತು.

ಕೆಳಗಿನ ಮನೆಯಲ್ಲಿದ್ದದ್ದು ಅವಳ ವಾರಗಿತ್ತಿ, ಅಂದರೆ ಆ ಮನೆಯ ಹಿರಿಸೊಸೆ. ಅವಳ ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಮುಖ ತೋರಿಸುವವನು. ಅತ್ತೆ ಅವಳ ಜೊತೆಗೇ ಇದ್ದರು. ಅವಳು ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು, ಈಜು ಕಲಿಯುವ ಮಕ್ಕಳಿಗೆ, ಕಸರತ್ತು ಮಾಡುವ ಮಕ್ಕಳಿಗೆ ಎಳೆದರೆ ಹಿಗ್ಗುವ ಬಟ್ಟೆಯ ಉಡುಪು ಹೊಲಿಯುತ್ತಿದ್ದಳು. ಕೈ ಚುರುಕು, ಬಾಯಿ ಇನ್ನೂ ಚುರುಕು. ಆದರೆ ಆ ಬಾಯಿ ಡ್ರೈವರಮ್ಮನ ಮಟ್ಟಿಗೆ ಮುಚ್ಚಿ ವರ್ಷಗಳೇ ಆಗಿದ್ದವು. ಡ್ರೈವರಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಹಿರಿಸೊಸೆ ಬಸ್ಸಿಗೆಂದು ಕೈಬೀಸುತ್ತ ಓಡಿಬಂದರೂ ಅವಳು ನಿಲ್ಲಿಸದೆ ಹೋಗಿದ್ದಳು. ಸಾಲದ್ದಕ್ಕೆ ಹಾರ್ನ್ ಹೊಡೆದು ಅಣಕಿಸಿದ್ದಳು. ಹಾಗೆಂದು ಹಿರಿಸೊಸೆ ಅತ್ತೆಯ ಮುಂದೆ ಹೇಳಿಕೊಂಡಳು. ಅತ್ತೆ ಮೇಲೆ ಹೋಗಿ ಅದನ್ನು, ಅವಳಿಗೆ ಬಸ್ಸು ಮನೆ ಬಾಗಿಲಿಗೇ ಬರಬೇಕಂತೆ ಎಂದು ಮುಟ್ಟಿಸಿದರು. ಮನೆಯವರಿಗೆಂದು ಊರಿನ ಬಸ್ಸನ್ನು ಎತ್ತಿನ ಗಾಡಿ ಮಾಡುವುದಕ್ಕೆ ಆಗುತ್ತದೆಯೇ ಎಂದು ಡ್ರೈವರಮ್ಮ ಅತ್ತೆಯ ಮುಂದೆಯೇ ಉತ್ತರ ಕೊಟ್ಟಳು. ಅಲ್ಲಿಗೆ ಮಾತು ನಿಂತಿತು. ಊರಿನ ಬೀಗವನ್ನೆಲ್ಲ ತೆರೆಯುವ ಗಂಡನಿಗೆ ಈ ಎರಡು ಬಾಯಿಗಳ ಬೀಗ ಮಾತ್ರ ತೆರೆಯಲಿಲ್ಲ.

ಆದರೂ ಆಪರೇಷನ್ ಆಗಿ ಮಲಗಿದ್ದಾಗ ದಿನವೂ ಕೆಳಗಿನಿಂದ ಬಿಸಿ ಊಟದ ಡಬ್ಬಿ ಬರುತ್ತಿತ್ತು. ಅತ್ತೆ ಏದುಸಿರು ಬಿಡುತ್ತ ಹೊತ್ತು ತಂದು, "ನಾನೇ ಮಾಡಿದ್ದು" ಎಂದು ಸುಳ್ಳು ಹೇಳುತ್ತಿದ್ದರು. ಅತ್ತೆಯ ಕೈರುಚಿ ಎಷ್ಟು ಕೆಟ್ಟದ್ದೆಂದು ಬಲ್ಲ ಡ್ರೈವರಮ್ಮ ನಂಬಿದವಳ ಹಾಗೆ ಉಂಡು, ಡಬ್ಬಿಯನ್ನು ಹೊಳೆಯುವಂತೆ ತೊಳೆದು ಕಳಿಸುತ್ತಿದ್ದಳು.

ಅಂಗಳದಲ್ಲಿ ಬಿದ್ದದ್ದನ್ನು ಹಿರಿಸೊಸೆ ಮೊದಲು ಇಲಿ ಕಡಿದ ಚಿಂದಿ ಎಂದುಕೊಂಡಳು. ಎತ್ತಿ ನೋಡಿದಾಗ ಕತ್ತರಿಯ ಗುರುತು ಕಂಡಿತು. ಎಲಾಸ್ಟಿಕ್ ಮಾತ್ರ ಹೋಗಿದೆ, ಉಳಿದದ್ದು ಹೊಸದು. ಹೊಸ ಬಟ್ಟೆಗೆ ಕತ್ತರಿ ಹಾಕುವಷ್ಟು ಏನು ಬಂದಿದೆ ಇವಳಿಗೆ? ತಡೆಯಲಾಗದೆ ಅತ್ತೆಯನ್ನು ಕರೆದಳು.

"ಅತ್ತೆ, ಮೇಲೆ ಹೋಗಿ ಕೇಳಿ, ಚಡ್ಡಿಗೆ ಏನಾಗಿದೆ ಅಂತ."

ಅತ್ತೆಗೆ ಎಡಗಿವಿ ಕೇಳುತ್ತಿರಲಿಲ್ಲ, ಬಲಗಿವಿ ಕೇಳಿದಂತೆ ಮಾಡುತ್ತಿತ್ತು. ಮೆಟ್ಟಿಲು ಹತ್ತಿ ಹೋಗಿ ಕೇಳಿದರು.

"ನಿನ್ನ ಗಾಡಿಗೆ ಏನಾಗಿದೆಯಂತೆ?"

"ಗಾಡಿಗೇನು ಅತ್ತೆ, ಚೆನ್ನಾಗೇ ಇದೆ. ಮೊನ್ನೆ ತಾನೇ ಬ್ರೇಕ್ ಸರಿ ಮಾಡಿಸಿದ್ರು."

ಅತ್ತೆ ಮೆಟ್ಟಿಲ ತುದಿಯಿಂದ ಕೆಳಕ್ಕೆ ಕೂಗಿದರು. "ಬ್ರೇಕ್ ಸರಿ ಮಾಡಿಸಿದ್ದಾರಂತೆ ಕಣೇ!"

"ಗಾಡಿ ಅಲ್ಲ ಅತ್ತೆ!"

"ಬಾಡಿನಾ? ಬಾಡಿಗೂ ಬಣ್ಣ ಹೊಡೆಸಿರಬೇಕು!"

ಹಿರಿಸೊಸೆಯ ತಾಳ್ಮೆ ಹರಿಯಿತು. ಸೀರೆ ಸೊಂಟಕ್ಕೆ ಸಿಕ್ಕಿಸಿ, ದಡದಡ ಮೆಟ್ಟಿಲು ಹತ್ತಿ ಬಂದು, ವರ್ಷಗಳ ಮೌನವನ್ನೆಲ್ಲ ಒಂದೇ ಮಾತಿನಲ್ಲಿ ಮುರಿದಳು.

"ಚಡ್ಡಿ ಅತ್ತೆ, ಚಡ್ಡಿ! ಡ್ರೈವರಮ್ಮನ ಚಡ್ಡಿ!"

ಎದುರು ಮನೆಯ ಕಿಟಕಿ ತೆರೆಯಿತು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ನಿಂತಿತು. ಡ್ರೈವರಮ್ಮ ಬಾಗಿಲಲ್ಲಿ ಕಂಬದ ಹಾಗೆ ನಿಂತಳು. ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಯಾರು ಮೊದಲು ನಕ್ಕರೋ ಆಮೇಲೆ ಇಬ್ಬರಿಗೂ ನೆನಪಿರಲಿಲ್ಲ. ನಗು ಎಷ್ಟು ಜೋರಾಗಿ ಬಂತೆಂದರೆ ಗೋಡೆ ಹಿಡಿದುಕೊಳ್ಳಬೇಕಾಯಿತು. ಅತ್ತೆ ಏನೂ ಅರ್ಥವಾಗದಿದ್ದರೂ ನಕ್ಕರು.

ಒಳಗೆ ಕೂತ ಮೇಲೆ ಡ್ರೈವರಮ್ಮ ಎಲ್ಲ ಹೇಳಿದಳು. ಕಾಲುಚೀಲ ಇಳಿಸಿ, ಸಂದಿಯ ಗಾಯದ ಗುರುತನ್ನೂ ತೋರಿಸಿದಳು. ಹಿರಿಸೊಸೆ ಬೆರಳಿನಿಂದ ಮುಟ್ಟಿ ನೋಡಿದಳು. ಡ್ರೈವರಮ್ಮನ ಕಣ್ಣು ತುಂಬಿ ಬಂತು.

"ಅಳು ಆಮೇಲೆ" ಎಂದಳು ಹಿರಿಸೊಸೆ, ಕುತ್ತಿಗೆಯಲ್ಲಿ ಸದಾ ನೇತಾಡುತ್ತಿದ್ದ ಟೇಪು ಎಳೆದುಕೊಂಡು. "ಮೊದಲು ಅಳತೆ. ಎದ್ದು ನಿಂತ್ಕೋ."

ಮೊದಲ ಚಡ್ಡಿ ಈಜುಡುಪಿನ ಬಟ್ಟೆಯಲ್ಲಿ ತಯಾರಾಯಿತು. ಹೊಲಿಗೆ ಚಂದ, ಬಣ್ಣ ಚಂದ. ಆದರೆ ಅದನ್ನು ಹಾಕಿಕೊಳ್ಳಲು ಡ್ರೈವರಮ್ಮ ಕೋಣೆಯ ತುಂಬ ಕಪ್ಪೆಯ ಹಾಗೆ ಕುಪ್ಪಳಿಸಬೇಕಾಯಿತು. ಹಾಕಿಕೊಂಡ ಮೇಲೆ ಬೆವರು ಹೊರಗೆ ಹೋಗಲಿಲ್ಲ, ಗಾಳಿ ಒಳಗೆ ಬರಲಿಲ್ಲ.

"ಹೇಗಿದೆ?" ಹೊರಗಿನಿಂದ ಹಿರಿಸೊಸೆ ಕೇಳಿದಳು.

"ಮೀನಾಗಿದೀನಿ ಅಕ್ಕ. ನೀರೊಂದು ಕೊಡಿಸಿ."

ಇಬ್ಬರೂ ಅದನ್ನು ಚೀಲಕ್ಕೆ ಹಾಕಿಕೊಂಡು ನರ್ಸ್ ಬಳಿಗೆ ಹೋದರು. ನರ್ಸ್ ಒಳಗೆ ಕೈ ತೂರಿಸಿ, ಎಳೆದು, ಬೆಳಕಿಗೆ ಹಿಡಿದು ನೋಡಿದಳು. ಬಟ್ಟೆಗೆ ಹತ್ತಿ ಸೇರಿರಲಿ, ಹೊಲಿಗೆಯ ಅಂಚು ಚರ್ಮಕ್ಕೆ ತಾಗದಂತೆ ಹೊರಗಿರಲಿ, ಕಾಲಿನ ಅಂಚು ಸಂದಿಯಲ್ಲಿ ಮುಗಿಯದೆ ತೊಡೆಯ ಮಧ್ಯದವರೆಗೆ ಬರಲಿ ಎಂದಳು. ಹಿರಿಸೊಸೆ ಪ್ರತಿ ಮಾತಿಗೂ ತಲೆಯಾಡಿಸುತ್ತ, "ಹಾಗಾದ್ರೆ ಸೊಂಟಪಟ್ಟಿ ಅಗಲ ಮಾಡಲಾ? ಎಲಾಸ್ಟಿಕ್ ಬದಲು ಅದೇ ಬಟ್ಟೆ ಮಡಚಲಾ?" ಎಂದು ಕೇಳುತ್ತಿದ್ದಳು. "ಅದು ನನಗೆ ಹೊಳೆದೇ ಇರಲಿಲ್ಲ, ಮಾಡಿ ನೋಡಿ" ಎಂದು ನರ್ಸ್ ಕುರ್ಚಿ ಹತ್ತಿರ ಎಳೆದುಕೊಂಡಳು. ಡ್ರೈವರಮ್ಮ ಇಬ್ಬರ ನಡುವೆ ಕೂತು, ತನ್ನ ಸೊಂಟದ ಕೆಳಗಿನ ಭಾಗದ ಬಗ್ಗೆ ಇಷ್ಟು ಗಂಭೀರವಾದ ಸಭೆ ನಡೆಯುತ್ತಿರುವುದನ್ನು ನೋಡಿ ಒಳಗೊಳಗೇ ಸಂತೋಷಪಟ್ಟಳು.

ಎರಡನೆಯದು ಮನೆಯಲ್ಲಿ ಹಾಕಿ ನಿಂತಾಗ ಬಹಳ ಹಿತವಾಗಿತ್ತು. ಮರುದಿನ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋದಳು. ಬಸ್ಸಿನಲ್ಲಿ ಕೂತ ಸ್ವಲ್ಪ ಹೊತ್ತಿಗೆ ಸೊಂಟದ ಪಟ್ಟಿ ಚಾಪೆ ಸುತ್ತಿದ ಹಾಗೆ ಸುರುಳಿ ಸುತ್ತಿಕೊಂಡು ಕಿಬ್ಬೊಟ್ಟೆಯನ್ನು ಒತ್ತತೊಡಗಿತು. ಹಿಂದಿನಿಂದ ಜಾರಿತು. ಸಂಜೆ ಮುಖ ಊದಿಸಿಕೊಂಡು ಬಂದಳು.

"ನಿಂತಾಗ ಸರಿಯಿತ್ತಲ್ಲೇ?" ಹಿರಿಸೊಸೆ ಕೇಳಿದಳು.

"ನಿಂತ್ಕೊಂಡು ಬಸ್ ಓಡಿಸ್ತಾರಾ ಅಕ್ಕ?"

ಹಿರಿಸೊಸೆ ಹಣೆ ಬಡಿದುಕೊಂಡಳು. "ಎಂಥ ಪೆದ್ದಿ ನಾನು! ನಿಂತ ಅಳತೆ ತಗೊಂಡು ಕೂರೋಳಿಗೆ ಹೊಲಿದಿದೀನಿ. ನೀನು ಹೇಗೆ ಕೂರ್ತೀಯ ಅಂತ ನಾನು ನೋಡ್ಬೇಕು."

ಮರುದಿನ ಬೆಳಿಗ್ಗೆ ಡಿಪೋ ಹತ್ತಿರದ ನಿಲ್ದಾಣದಲ್ಲಿ ಹಿರಿಸೊಸೆ ಬಸ್ಸು ಹತ್ತಿ, ಡ್ರೈವರಮ್ಮನ ಪಕ್ಕದಲ್ಲಿ ಅಡ್ಡಲಾಗಿದ್ದ ಸೀಟಿನಲ್ಲಿ ಕೂತಳು. ಟಿಕೆಟ್ ತೆಗೆದುಕೊಂಡಾಯಿತು. ಆದರೆ ಯಾವ ನಿಲ್ದಾಣದಲ್ಲೂ ಇಳಿಯಲಿಲ್ಲ. ಕತ್ತು ಉದ್ದ ಮಾಡಿ, ಕಣ್ಣು ಕಿರಿದು ಮಾಡಿ, ಡ್ರೈವರಮ್ಮನ ಸೊಂಟವನ್ನೇ ನೋಡುತ್ತಿದ್ದಳು. ಕಂಡಕ್ಟರನಿಗೆ ಅನುಮಾನ ಬಂತು.

"ಎಲ್ಲಿ ಇಳೀಬೇಕಮ್ಮಾ ನೀವು?"

"ಎಲ್ಲೂ ಇಳಿಯಲ್ಲ ಕಣಪ್ಪ. ಚಡ್ಡಿ ನೋಡೋಕೆ ಬಂದಿದೀನಿ."

ಕಂಡಕ್ಟರ್ ಚಿಲ್ಲರೆ ಚೀಲ ಬಿಗಿಯಾಗಿ ಹಿಡಿದುಕೊಂಡು ಹಿಂದಿನ ಬಾಗಿಲಿಗೆ ಹೋದವನು ಆ ಕಡೆಗೇ ನಿಂತುಬಿಟ್ಟ.

ಕೊನೆಯ ನಿಲ್ದಾಣದಲ್ಲಿ ಜನರೆಲ್ಲ ಇಳಿದ ಮೇಲೆ ಇಬ್ಬರೂ ಬಸ್ಸಿನಲ್ಲೇ ಕೂತು ಟೀ ಕುಡಿದರು. ಹಿರಿಸೊಸೆ ಕಂಡದ್ದನ್ನು ಹೇಳಿದಳು. ಕ್ಲಚ್ ತುಳಿದಾಗಲೆಲ್ಲ ಎಡಸೊಂಟ ಮುಂದೆ ಜಾರುತ್ತದೆ, ಬಟ್ಟೆ ಹಿಂದಿನಿಂದ ಎಳೆಯುತ್ತದೆ. ಹಾಗಾಗಿ ಹಿಂದೆ ಎತ್ತರ ಬೇಕು, ಮುಂದೆ ತಗ್ಗು ಬೇಕು.

"ಎಡಗಾಲಿಗೆ ಒಂದು ಅಳತೆ, ಬಲಗಾಲಿಗೆ ಒಂದು ಅಳತೆ. ಎರಡು ಕಾಲೂ ಒಂದೇ ಥರ ಇರಬೇಕು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ" ಎಂದವಳು ಟೀ ಲೋಟ ಕೆಳಗಿಟ್ಟು, ದನಿ ಬದಲಿಸಿ ಕೇಳಿದಳು. "ಅಲ್ಲ ಕಣೇ, ಅವತ್ತು ನನ್ನ ಬಿಟ್ಟು ಹೋದೆ ಸರಿ. ಹಾರ್ನ್ ಯಾಕೆ ಹೊಡೆದೆ?"

ಡ್ರೈವರಮ್ಮ ಬೆಪ್ಪಾಗಿ ನೋಡಿದಳು. "ನೀವು ಕೈ ಬೀಸಿದ್ರಲ್ಲ ಅಕ್ಕ, ಅದಕ್ಕೇ."

"ನಿಲ್ಸು ಅಂತ ಬೀಸಿದ್ದು!"

"ನಿಲ್ಸು ಅಂತಾನಾ?" ಡ್ರೈವರಮ್ಮನ ಬಾಯಿ ತೆರೆದೇ ಉಳಿಯಿತು. "ನಾನು ಬಸ್ ಓಡಿಸೋಕೆ ಶುರು ಮಾಡಿ ಅದು ಮೊದಲ ವಾರ. ಮನೆಯೋರೆಲ್ಲ ಮೂಗು ಮುರೀತಿದ್ರು. ನೀವೊಬ್ರು ಬೀದಿಯಲ್ಲಿ ನಿಂತು ಖುಷಿಯಿಂದ ಕೈ ಬೀಸ್ತಿದೀರ ಅಂದ್ಕೊಂಡೆ. ಎದೆ ತುಂಬಿ ಬಂತು. ಹಾರ್ನ್ ಹೊಡೆದೆ."

ಹಿರಿಸೊಸೆ ಅವಳ ತೋಳಿಗೆ ಮೆಲ್ಲಗೆ ಒಂದು ಏಟು ಕೊಟ್ಟಳು.

"ಅದನ್ನ ಅವತ್ತೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ನೀವು ಕೇಳಿದ್ರೆ ತಾನೇ?"

"ಅತ್ತೆ ಕೈಲಿ ಕೇಳಿಸಿದ್ದೆ ಕಣೇ!"

"ಅತ್ತೆ ಕೈಲಿ!" ಎಂದಳು ಡ್ರೈವರಮ್ಮ. ಅಷ್ಟೇ ಸಾಕಾಯಿತು. ಖಾಲಿ ಬಸ್ಸಿನಲ್ಲಿ ಮತ್ತೆ ಆ ಗೋಡೆ ಹಿಡಿಯುವಂಥ ನಗು ಎದ್ದಿತು. ಹಿಂದಿನ ಬಾಗಿಲಿನಿಂದ ಇಣುಕಿದ ಕಂಡಕ್ಟರ್ ಇನ್ನೂ ಹತ್ತಬಾರದೆಂದು ಹಿಂದೆ ಸರಿದ. ಹಿರಿಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಚೆನ್ನಾಗಿ ಓಡಿಸ್ತೀಯ ಕಣೇ ಬಸ್ಸು. ಟೀ ಹಿಡ್ಕೊಂಡು ಕೂತಿದ್ರೂ ತಿರುವಿನಲ್ಲಿ ಚೆಲ್ಲಲ್ಲ" ಎಂದಳು. ಆ ಮಾತನ್ನು ಡ್ರೈವರಮ್ಮ ಅವತ್ತಿಡೀ ಬಾಯಲ್ಲಿ ಬೆಲ್ಲದ ಹಾಗೆ ಇಟ್ಟುಕೊಂಡಿದ್ದಳು.

ಮೂರನೆಯ ಚಡ್ಡಿ ನೋಡಲು ವಿಚಿತ್ರವಾಗಿತ್ತು. ಹಿಂದೆ ಎತ್ತರ, ಮುಂದೆ ತಗ್ಗು, ಎಡಗಾಲು ಅಗಲ, ಬಲಗಾಲು ಕಿರಿದು. ಕೆಳಗಿನ ಬಟ್ಟೆ ಗಟ್ಟಿ, ಮೇಲಿನದು ಮೆತ್ತಗೆ. ಹೊಲಿಗೆಗಳೆಲ್ಲ ಹೊರಮೈಯಲ್ಲಿದ್ದವು, ಉಲ್ಟಾ ಹಾಕಿಕೊಂಡವರ ಹಾಗೆ. ಮೇಜಿನ ಮೇಲೆ ಹರಡಿದ್ದನ್ನು ಕಂಡ ಗಂಡ, "ಇದಕ್ಕೆ ಕೀಲಿ ಎಲ್ಲಿ ಹಾಕೋದು ಅತ್ತಿಗೆ?" ಎಂದು ಕೇಳಿ ಬೈಸಿಕೊಂಡ.

ನರ್ಸ್ ಹೇಳಿದ್ದಂತೆ ಮೊದಲೆರಡು ದಿನ ಸ್ವಲ್ಪ ಸ್ವಲ್ಪ ಹೊತ್ತು ಹಾಕಿ, ಕನ್ನಡಿಯ ಮುಂದೆ ನಿಂತು ಗುರುತು ಬಿದ್ದಿದೆಯೇ ಎಂದು ಹುಡುಕಿದಳು. ಎಲ್ಲೂ ಗೆರೆಯಿಲ್ಲ. ಆಮೇಲೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಅವತ್ತು ಮಾರುಕಟ್ಟೆಯ ದಾರಿಯಲ್ಲಿ ಜನ ಜಾಸ್ತಿ, ಸಿಗ್ನಲ್ಲಿನಲ್ಲಿ ಜಗಳ, ಬಸ್ಸಿನ ತುಂಬ ಶಾಲೆಯ ಮಕ್ಕಳ ಗಲಾಟೆ. ಸಂಜೆ ಕೊನೆಯ ನಿಲ್ದಾಣದಲ್ಲಿ ಎಂಜಿನ್ ಆರಿಸಿದ ಮೇಲೆ ಅವಳಿಗೆ ಥಟ್ಟನೆ ಹೊಳೆಯಿತು. ಬೆಳಗಿನಿಂದ ತನಗೆ ಚಡ್ಡಿಯ ನೆನಪೇ ಬಂದಿರಲಿಲ್ಲ!

ಇಳಿದು ನೋಡಿದಳು. ಸೊಂಟದ ಮೇಲೆ ಕೈಯಿಡದೆ ಬಸ್ಸಿನ ಸುತ್ತ ನಡೆದಳು. ಕುಕ್ಕರುಗಾಲಲ್ಲಿ ಕೂತು ಎದ್ದಳು. ಯಾರೂ ನೋಡುತ್ತಿಲ್ಲವೆಂದು ಸಣ್ಣದಾಗಿ ಕುಣಿದಳು. ಕಂಡಕ್ಟರ್ ನೋಡುತ್ತಿದ್ದ.

"ಏನಾದ್ರೂ ಕಳ್ಕೊಂಡ್ರಾ ಮೇಡಂ?"

"ಹೌದಪ್ಪ. ಅದೇ ಹುಡುಕ್ತಿದೀನಿ, ಸಿಗ್ತಾನೇ ಇಲ್ಲ" ಎಂದು ಗಟ್ಟಿಯಾಗಿ ನಕ್ಕಳು. ಕಾಲಿನ ಊತ ಇದ್ದೇ ಇತ್ತು, ಇರುವಂಥದ್ದೇ. ಆದರೆ ಅದರ ಮೇಲೆ ಹಲ್ಲೂರುತ್ತಿದ್ದ ಕಾಟ ಹೋಗಿತ್ತು.

ಹೊಸ ಚಡ್ಡಿಯನ್ನು ತೋರಿಸಲು ಇಬ್ಬರೂ ನರ್ಸ್ ಬಳಿಗೆ ಹೋದರು. ಡ್ರೈವರಮ್ಮ ಪರದೆಯ ಹಿಂದೆ ಹಾಕಿ ತೋರಿಸಿ, ಬಿಚ್ಚಿ ತಂದು ಮೇಜಿನ ಮೇಲಿಟ್ಟಳು. ನರ್ಸ್ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, "ಇಂಥದ್ದು ಇನ್ನೂ ಹೊಲೀತೀರಾ?" ಎಂದು ಕೇಳಿದಳು. ಆ ಮಾತು ಹೊರಗೆ ಬೆಂಚಿನಲ್ಲಿ ಸರದಿಗೆ ಕೂತವರಿಗೂ ಕೇಳಿತು. ಒಬ್ಬಳು ಎದ್ದು ಬಂದು ಬಟ್ಟೆ ಮುಟ್ಟಿ ನೋಡಿದಳು. ಇನ್ನೊಬ್ಬಳು ತೋಳಿನ ಊತ ತೋರಿಸಿ, ತನಗೆ ಕಂಕುಳಲ್ಲಿ ಕಚ್ಚದ ಬ್ರಾ ಆಗುತ್ತದೆಯೇ ಎಂದಳು. ಬೆಂಚಿನ ತುದಿಯಲ್ಲಿ ದೊಡ್ಡ ಮೀಸೆಯ ಒಬ್ಬ ಗಂಡಸು ಗೋಡೆಯ ಕಡೆಗೆ ಮುಖ ಮಾಡಿ ಕೂತಿದ್ದ. ಪೊಲೀಸ್ ಬ್ಯಾಂಡಿನಲ್ಲಿ ಕಹಳೆ ಊದುವವನು. ಹೆಂಗಸರೆಲ್ಲ ಸ್ವಲ್ಪ ಸರಿದ ಮೇಲೆ ಕೆಮ್ಮಿದ.

"ಇದು... ಗಂಡಸರಿಗೂ ಆಗುತ್ತಾ ಅಮ್ಮಾ?"

"ಯಾಕಾಗಲ್ಲ?" ಎಂದಳು ಹಿರಿಸೊಸೆ, ಇಡೀ ವಿಭಾಗಕ್ಕೆ ಕೇಳುವಂತೆ. "ಗಂಡಸರ ಕಾಲಿಗೂ ಕಾಲು ಅಂತಾನೇ ಅಂತಾರೆ. ನಾಳೆ ಮನೆಗೆ ಬನ್ನಿ, ನನ್ನ ಮೈದುನ ಅಳತೆ ತಗೋತಾನೆ."

ಮೈದುನ, ಅಂದರೆ ಡ್ರೈವರಮ್ಮನ ಗಂಡ, ಜೀವನದಲ್ಲಿ ಮೊದಲ ಸಲ ಟೇಪು ಹಿಡಿದ. ಬೀಗದ ಕೆಲಸದವನ ಕೈ, ಕೂದಲೆಳೆಯಷ್ಟೂ ತಪ್ಪಲಿಲ್ಲ. ಹದಿನೈದು ದಿನದ ಮೇಲೆ ಕಹಳೆಯವನು ಮತ್ತೆ ಬಂದು, ಈಗ ಮೆರವಣಿಗೆಯಲ್ಲಿ ಪೂರ್ತಿ ದೂರ ನಡೆದರೂ ಸುಸ್ತಿಲ್ಲವೆಂದು ಹೇಳಿ, ಅಂಗಳದಲ್ಲೇ ನಿಂತು ಒಂದು ರಾಗ ಊದಿ ಹೋದ. ಎದುರು ಮನೆಯ ಕಿಟಕಿ ಮತ್ತೆ ತೆರೆಯಿತು.

ಕೆಳಗಿನ ಮುಂಗೋಣೆಯಲ್ಲಿ ಈಗ ಸಂಜೆಯ ಹೊತ್ತು ಇಬ್ಬರೂ ಕೂರುತ್ತಾರೆ. ಹಿರಿಸೊಸೆ ಹೊಲಿಯುತ್ತಾಳೆ. ಡ್ರೈವರಮ್ಮ ಎಡಗಾಲನ್ನು ಮಣೆಯ ಮೇಲೆ ಎತ್ತರಿಸಿ ಇಟ್ಟುಕೊಂಡು ದಾರದ ತುದಿ ಕತ್ತರಿಸುತ್ತಾಳೆ. ಬಂದವರು ಹಾಕಿ ನೋಡಿದ ಮೇಲೆ ಕೂತು, ಎದ್ದು, ಮೆಟ್ಟಿಲು ಹತ್ತಿ ಇಳಿದು ತೋರಿಸಲೇಬೇಕೆಂಬುದು ಅವಳದೇ ಕಟ್ಟಳೆ. ಬಾಯಿ ಕೆಲಸ ಇಬ್ಬರದೂ ನಡೆಯುತ್ತಲೇ ಇರುತ್ತದೆ. ವರ್ಷಗಳ ಬಾಕಿ ಅಷ್ಟಿದೆ.

ಮೊನ್ನೆ ಹೀಗೇ ಕೂತಿದ್ದಾಗ ಅತ್ತೆ ಬಂದು ಇಬ್ಬರ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಊರೋರಿಗೆಲ್ಲ ಹೊಲಿದು ಕೊಡ್ತೀರ. ನನಗೆಲ್ಲಿ?"

"ನಿಮಗ್ಯಾಕೆ ಅತ್ತೆ?" ಹಿರಿಸೊಸೆ ಬಲಗಿವಿಯ ಹತ್ತಿರ ಬಗ್ಗಿ ಕೂಗಿದಳು. "ನಿಮಗೆ ಊತಾನೇ ಇಲ್ಲವಲ್ಲ!"

"ಊತ ಇಲ್ಲ ಅಂದ್ರೆ ಸುಖ ಬೇಡವಾ?" ಎಂದರು ಅತ್ತೆ. ಈ ಸಲ ಒಂದಕ್ಷರವೂ ತಪ್ಪಿ ಕೇಳಿಸಿರಲಿಲ್ಲ. "ನನಗೂ ಒಂದು ಹೊಲಿ. ಕೆಂಪು ಬಟ್ಟೇಲಿ."

ಹಿರಿಸೊಸೆ ಟೇಪು ತೆಗೆದಳು. ಡ್ರೈವರಮ್ಮ ಬಟ್ಟೆಯ ಕಪಾಟು ತೆರೆದು ಕೆಂಪು ಹುಡುಕತೊಡಗಿದಳು.